ಮಂಪರಿನಿಂದ ಪೂರ್ಣ ಅರಿವಳಿಕೆಯವರೆಗೆ: ಯಾವ ಹಂತದಲ್ಲಿ ಏನಾಗುತ್ತದೆ, ನೀವು ಏನು ಕೇಳಬೇಕು

"ಪೂರ್ತಿ ಪ್ರಜ್ಞೆ ತಪ್ಪಿಸುತ್ತೀರಾ ಡಾಕ್ಟರೇ, ಅಥವಾ ಬರೀ ಮತ್ತಿನ ಇಂಜೆಕ್ಷನ್ ಕೊಡುತ್ತೀರಾ?" ಶಸ್ತ್ರಚಿಕಿತ್ಸೆಗೆ ಮೊದಲು ನನ್ನನ್ನು ಕಾಣಲು ಬರುವವರಲ್ಲಿ ಹೆಚ್ಚಿನವರು ಕೇಳುವುದು ಇದನ್ನೇ. ಮೊದಲನೆಯದು ಅಪಾಯ, ಎರಡನೆಯದು ಸುರಕ್ಷಿತ ಎಂಬ ನಂಬಿಕೆ ಆ ಪ್ರಶ್ನೆಯೊಳಗೇ ಕುಳಿತಿರುತ್ತದೆ. ಆ ನಂಬಿಕೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯಾರೂ ಕಾಯದೆ ಕೊಟ್ಟ ಮಂಪರಿಗಿಂತ, ಚೆನ್ನಾಗಿ ಕಾಯ್ದು ಕೊಟ್ಟ ಪೂರ್ಣ ಅರಿವಳಿಕೆ ಎಷ್ಟೋ ಮೇಲು.

ನಾನು ಶಿವಮೊಗ್ಗದಲ್ಲಿ ಅರಿವಳಿಕೆ ತಜ್ಞೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಶಿಕಾರಿಪುರದ ಕಡೆಯಿಂದ ಬರುವವರು ನನ್ನ ರೋಗಿಗಳು. ಹರ್ನಿಯಾ, ಹೆರಿಗೆ, ಕಣ್ಣಿನ ಪೊರೆ, ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡುವ ಎಂಡೋಸ್ಕೋಪಿ, ಮಕ್ಕಳ ಎಂಆರ್‌ಐ, ಬುದ್ಧಿಹಲ್ಲು ಕೀಳುವುದು, ಹೀಗೆ ಕಾರಣ ಬೇರೆ ಬೇರೆ. ಶಸ್ತ್ರಚಿಕಿತ್ಸಕರ ಬಗ್ಗೆ ಊರಲ್ಲೆಲ್ಲ ವಿಚಾರಿಸಿಕೊಂಡು ಬರುವ ಮನೆಯವರು, ಮಂಪರು ಕೊಡುವವರು ಯಾರು, ಎಷ್ಟು ಆಳಕ್ಕೆ ಕೊಡುತ್ತಾರೆ ಎಂಬುದನ್ನು ಕೇಳುವುದೇ ಇಲ್ಲ. ಅದನ್ನು ಕೇಳಲು ಬೇಕಾದ ತಿಳಿವಳಿಕೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ದೇಹಕ್ಕೆ ಯಾವ ಔಷಧ ಎಷ್ಟು ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರೇ ಹೇಳಬೇಕು; ಈ ಬರಹ ಅವರೊಂದಿಗೆ ಮಾತಾಡುವಾಗ ನಿಮ್ಮ ಕೈಯಲ್ಲಿರಲಿ.

ನಾಲ್ಕು ಮೆಟ್ಟಿಲು

1999ರಲ್ಲಿ ಅಮೆರಿಕನ್ ಸೊಸೈಟಿ ಆಫ್ ಅನಸ್ತೇಶಿಯಾಲಜಿಸ್ಟ್ಸ್ ಸಂಸ್ಥೆ ಮಂಪರಿನ ಆಳವನ್ನು ನಾಲ್ಕು ಹಂತಗಳಾಗಿ ವಿವರಿಸಿತು. ಲಘು ಮಂಪರು, ಮಧ್ಯಮ ಮಂಪರು, ಆಳ ಮಂಪರು, ಪೂರ್ಣ ಅರಿವಳಿಕೆ. ಇಂದಿಗೂ ನಾವು ಬಳಸುವುದು ಅದನ್ನೇ. ಪ್ರತಿ ಹಂತದಲ್ಲೂ ನಾಲ್ಕು ಸಂಗತಿಗಳನ್ನು ನೋಡುತ್ತೇವೆ: ಕರೆದರೆ ರೋಗಿ ಹೇಗೆ ಸ್ಪಂದಿಸುತ್ತಾನೆ, ಉಸಿರಿನ ದಾರಿ ತೆರೆದಿದೆಯೇ, ಉಸಿರಾಟ ಸಾಕಷ್ಟಿದೆಯೇ, ಹೃದಯ ಮತ್ತು ರಕ್ತದೊತ್ತಡ ಹೇಗಿವೆ.

ಇವು ಹಳೆಯ ಕಲ್ಯಾಣಿಯ ಮೆಟ್ಟಿಲುಗಳಂತೆ. ನೀರಿನ ಮೇಲಿರುವ ಮೆಟ್ಟಿಲು ಕಾಣುತ್ತದೆ, ನೀರೊಳಗಿನದು ಪಾಚಿಗಟ್ಟಿರುತ್ತದೆ. ಎರಡನೆಯದರಲ್ಲಿ ನಿಲ್ಲುತ್ತೇನೆಂದು ಇಳಿದವನು ಮೂರನೆಯದಕ್ಕೆ ಜಾರಬಹುದು. ಹಂತಗಳ ಹೆಸರನ್ನು ಮರೆತರೂ ಪರವಾಗಿಲ್ಲ, ಈ ಜಾರುವಿಕೆಯನ್ನು ಮರೆಯಬೇಡಿ.

ಮೊದಲ ಮೆಟ್ಟಿಲಿನಲ್ಲಿ ಆತಂಕ ಇಳಿಯುತ್ತದೆ, ಅಷ್ಟೇ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಕೊಡುವ ಒಂದು ಮಾತ್ರೆ, ದಂತವೈದ್ಯರ ಕುರ್ಚಿಯಲ್ಲಿ ಮೂಗಿನ ಮಾಸ್ಕ್ ಮೂಲಕ ಕೊಡುವ ನೈಟ್ರಸ್ ಆಕ್ಸೈಡ್, ಸಾಮಾನ್ಯವಾಗಿ ಈ ಹಂತದವು. ಮಾತಾಡಿಸಿದರೆ ಎಂದಿನಂತೆ ಉತ್ತರ ಬರುತ್ತದೆ. ಉಸಿರು, ನಾಡಿ ಏನೂ ಬದಲಾಗುವುದಿಲ್ಲ. ಆದರೆ ನಡಿಗೆ ತಡವರಿಸಬಹುದು, ಹಾಗಾಗಿ ಮಾತ್ರೆ ನುಂಗಿದ ಹಿರಿಯರನ್ನು ರಾತ್ರಿ ಬಚ್ಚಲಿಗೆ ಒಬ್ಬರೇ ಹೋಗಲು ಬಿಡಬೇಡಿ.

ಎರಡನೆಯ ಮೆಟ್ಟಿಲು ಮಧ್ಯಮ ಮಂಪರು. ಕಣ್ಣು ಮುಚ್ಚಿರುತ್ತದೆ, ಮಾತು ತೊದಲುತ್ತದೆ. ಆದರೂ "ಅಮ್ಮಾ, ಕಣ್ಣು ಬಿಡಿ" ಎಂದರೆ ಅಥವಾ ಮೆಲ್ಲಗೆ ಭುಜ ತಟ್ಟಿದರೆ ಕಣ್ಣು ಬಿಡುತ್ತಾರೆ, ಹೇಳಿದ ಕೈಯನ್ನು ಎತ್ತುತ್ತಾರೆ. ತಮ್ಮ ಉಸಿರಿನ ದಾರಿಯನ್ನು ತಾವೇ ಕಾಯ್ದುಕೊಳ್ಳುತ್ತಾರೆ. ಎಂಡೋಸ್ಕೋಪಿಯಲ್ಲಿ ಮಂಪರು ತರಿಸುವ ಮಿಡಾಜೋಲಾಮ್, ಅದರೊಂದಿಗೆ ನೋವು ತಗ್ಗಿಸುವ ಫೆಂಟನಿಲ್ ಸ್ವಲ್ಪ ಕೊಟ್ಟಾಗ ನಾವು ನಿಲ್ಲಲು ಬಯಸುವುದು ಇಲ್ಲಿ.

ಈ ಎರಡನೆಯ ಮೆಟ್ಟಿಲಿನ ಬಗ್ಗೆಯೇ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು. ಮಿಡಾಜೋಲಾಮ್ ನೆನಪು ಕೂಡಿಡುವುದನ್ನು ತಡೆಯುತ್ತದೆ. ರೋಗಿ ನಮ್ಮೊಂದಿಗೆ ಮಾತಾಡಿರುತ್ತಾನೆ, ಪಕ್ಕಕ್ಕೆ ಹೊರಳು ಎಂದರೆ ಹೊರಳಿರುತ್ತಾನೆ; ಆಮೇಲೆ ಕೇಳಿದರೆ "ನನಗೆ ಏನೂ ಗೊತ್ತೇ ಆಗಲಿಲ್ಲ, ಪೂರ್ತಿ ಅನಸ್ತೇಶಿಯಾ ಕೊಟ್ಟಿದ್ದರು" ಎನ್ನುತ್ತಾನೆ. ಪಕ್ಕದ ಮನೆಯವರು ಅದನ್ನು ಕೇಳಿಕೊಂಡು ಬಂದು, ತಮಗೆ ನಡುವೆ ದನಿಗಳು ಕೇಳಿಸಿದಾಗ ಬೆಚ್ಚಿಬೀಳುತ್ತಾರೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ, ಪೂರ್ಣ ಅರಿವಳಿಕೆಯ ನಡುವೆ ಎಚ್ಚರವಾಯಿತೆಂದು ರೋಗಿಗಳು ಹೇಳಿಕೊಂಡದ್ದು ಸುಮಾರು 19,000ದಲ್ಲಿ ಒಂದು ಪ್ರಕರಣ. ಆದರೆ "ನಡುವೆ ಎಚ್ಚರವಾಯಿತು" ಎಂದು ದೂರಿದವರಲ್ಲಿ ಹಲವರಿಗೆ ಕೊಟ್ಟದ್ದು ಪೂರ್ಣ ಅರಿವಳಿಕೆಯೇ ಅಲ್ಲ, ಮಂಪರು ಮಾತ್ರ ಎಂಬುದೂ ಅಲ್ಲಿ ಕಂಡುಬಂತು. ಅವರಿಗೆ ಎಚ್ಚರವಿರುವುದು ಸಹಜವೇ ಆಗಿತ್ತು. ಹಾಗೆಂದು ಅವರಿಗೆ ಮೊದಲೇ ಯಾರೂ ಬಿಡಿಸಿ ಹೇಳಿರಲಿಲ್ಲ. ಮಧ್ಯಮ ಮಂಪರು ಎಂದು ನಿಮಗೆ ಹೇಳಿದ್ದರೆ, ದನಿ ಕೇಳಿಸಬಹುದು, ಒತ್ತಿದಂತೆ ಅನಿಸಬಹುದು, ಅಲ್ಲಲ್ಲಿ ನೆನಪು ಉಳಿಯಬಹುದು ಎಂದು ತಿಳಿದುಕೊಂಡೇ ಒಳಗೆ ಹೋಗಿ. ನೋವಾದರೆ ಮಾತ್ರ ಸುಮ್ಮನಿರಬೇಡಿ, ಹೇಳಿ.

ಮೂರನೆಯದು ಆಳ ಮಂಪರು. ಹೆಸರು ಹಿಡಿದು ಕರೆದರೆ ಸಾಲದು. ಮತ್ತೆ ಮತ್ತೆ ಅಲುಗಿಸಬೇಕು, ಅಥವಾ ಹೆಗಲಿನ ಸ್ನಾಯುವನ್ನು ನೋವಾಗುವಷ್ಟು ಹಿಂಡಬೇಕು. ಆಗ ರೋಗಿ ನನ್ನ ಕೈಯನ್ನು ಹುಡುಕಿ ತಳ್ಳಿದರೆ ಅದು ಉದ್ದೇಶವಿರುವ ಪ್ರತಿಕ್ರಿಯೆ. ಚುಚ್ಚಿದ ಕಡೆಯಿಂದ ಕೈ ತಾನಾಗಿ ಹಿಂದಕ್ಕೆ ಸರಿದರೆ ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಬರೀ ನರಗಳ ಸಹಜ ಚಲನೆ. ಈ ಆಳದಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ನಾಲಿಗೆ ಹಿಂದಕ್ಕೆ ಬೀಳಬಹುದು, ಉಸಿರು ಕಡಿಮೆಯಾಗಬಹುದು. ಗದ್ದ ಎತ್ತಿ ಹಿಡಿಯಲು, ಅಗತ್ಯಬಿದ್ದರೆ ಮಾಸ್ಕ್ ಒತ್ತಿ ಉಸಿರು ಕೊಡಲು ಬರುವವರೊಬ್ಬರು ರೋಗಿಯ ತಲೆಯ ಬಳಿಯೇ ಇರಲೇಬೇಕು. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಎಂಬ ಮತ್ತಿನ ಔಷಧ ಕೊಟ್ಟು, ದೊಡ್ಡಕರುಳನ್ನು ಕ್ಯಾಮೆರಾದಿಂದ ನೋಡುವ ಕೊಲೊನೋಸ್ಕೋಪಿ ಮಾಡುವಾಗ ರೋಗಿ ಬಹುಮಟ್ಟಿಗೆ ಈ ಮೆಟ್ಟಿಲಿನಲ್ಲಿರುತ್ತಾನೆ, ಎಷ್ಟೋ ವೇಳೆ ನಾಲ್ಕನೆಯದಕ್ಕೂ ಇಳಿದಿರುತ್ತಾನೆ.

ನಾಲ್ಕನೆಯದರಲ್ಲಿ, ಅಂದರೆ ಪೂರ್ಣ ಅರಿವಳಿಕೆಯಲ್ಲಿ, ನೋವು ಕೊಟ್ಟರೂ ಎಚ್ಚರವಾಗುವುದಿಲ್ಲ. ಇದು ನಿದ್ದೆಯಲ್ಲ, ನಿದ್ದೆಯಲ್ಲಿರುವವರನ್ನು ಒಂದು ಸೊಳ್ಳೆ ಎಬ್ಬಿಸಬಲ್ಲದು. ಉಸಿರಿನ ದಾರಿಯನ್ನು ನಾವೇ ವಹಿಸಿಕೊಳ್ಳುತ್ತೇವೆ: ಗಂಟಲಿಗೆ ಕೂರುವ ಮಾಸ್ಕ್ ಅಥವಾ ಶ್ವಾಸನಾಳಕ್ಕೆ ಇಳಿಸುವ ಕೊಳವೆ. ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದರೆ ವೆಂಟಿಲೇಟರ್ ಉಸಿರಾಡಿಸುತ್ತದೆ. ರಕ್ತದೊತ್ತಡ ಇಳಿಯಬಹುದು, ಅದಕ್ಕೆ ಔಷಧ ಸಿದ್ಧವಿರುತ್ತದೆ. ಕೆಲವು ಕಡೆ ಹಣೆಗೆ ಒಂದು ಪಟ್ಟಿ ಅಂಟಿಸಿ ಮೆದುಳಿನ ಅಲೆಗಳಿಂದ ಆಳವನ್ನು ಅಳೆಯುತ್ತೇವೆ. ಬಿಐಎಸ್ ಎಂಬ ಆ ಸೂಚ್ಯಂಕ 0ಯಿಂದ 100ರವರೆಗೆ ಇರುತ್ತದೆ, ಪೂರ್ಣ ಅರಿವಳಿಕೆಯಲ್ಲಿ 40ರಿಂದ 60ರ ನಡುವೆ ಇರಿಸಲು ನೋಡುತ್ತೇವೆ.

ಮೆಟ್ಟಿಲುಗಳ ಪಕ್ಕದಲ್ಲಿ ನಿಂತವು

ಎರಡು ಸಂಗತಿಗಳು ಈ ಸಾಲಿನಲ್ಲಿ ಕೂರುವುದಿಲ್ಲ.

ಒಂದು, ಬೆನ್ನಿಗೆ ಕೊಡುವ ಇಂಜೆಕ್ಷನ್. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಮೊದಲು ಮಾಡಿದ ಈ ಸ್ಪೈನಲ್ ಅರಿವಳಿಕೆ ಪ್ರಜ್ಞೆಯನ್ನು ಮುಟ್ಟುವುದೇ ಇಲ್ಲ. ಸೊಂಟದಿಂದ ಕೆಳಗಿನ ನರಗಳನ್ನು ಮಾತ್ರ ಮರಗಟ್ಟಿಸುತ್ತದೆ. ಸಿಸೇರಿಯನ್ ಆದ ತಾಯಂದಿರು ಮಗುವಿನ ಮೊದಲ ಅಳುವನ್ನು ತಾವೇ ಕೇಳುವುದು ಇದರಿಂದಲೇ. ಹಾಗೆ ಮರಗಟ್ಟಿಸಿದ ಮೇಲೆ ಆತಂಕವಿದ್ದವರಿಗೆ ಲಘು ಮಂಪರನ್ನೂ ಸೇರಿಸಬಹುದು, ಅಂದರೆ ಎರಡೂ ಒಟ್ಟಿಗೆ ಇರಬಹುದು. "ಬೆನ್ನಿಗೆ ಚುಚ್ಚಿಸಿಕೊಂಡರೆ ಜೀವನಪೂರ್ತಿ ಸೊಂಟನೋವು" ಎಂಬ ಮಾತು ನಮ್ಮ ಕಡೆ ಬಲವಾಗಿ ಬೇರೂರಿದೆ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಕೆಲವರಿಗೆ ಎದ್ದು ಕುಳಿತಾಗ ಹೆಚ್ಚಾಗುವ ತಲೆನೋವು ಬರಬಹುದು. ಆ ತಲೆನೋವಿಗೆ ಚಿಕಿತ್ಸೆಯಿದೆ, ಬಂದರೆ ಮುಚ್ಚಿಡಬೇಡಿ. ವರ್ಷಗಟ್ಟಲೆ ಉಳಿಯುವ ಸೊಂಟನೋವಿಗೆ ಸೂಜಿ ಕಾರಣವೆಂದು ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಬಸಿರು, ಮಗುವನ್ನು ಎತ್ತಿ ಆಡಿಸುವುದು, ಬಗ್ಗಿ ಮಾಡುವ ಕೆಲಸ, ಇವನ್ನೆಲ್ಲ ಬಿಟ್ಟು ಸೂಜಿಯನ್ನು ಮಾತ್ರ ದೂರುವುದರಿಂದ ಎಷ್ಟೋ ಹೆಂಗಸರ ಬೆನ್ನಿಗೆ ಸಿಗಬೇಕಾದ ಆರೈಕೆ ಸಿಗುತ್ತಿಲ್ಲ ಎಂಬುದು ನನ್ನ ಸಂಕಟ.

ಇನ್ನೊಂದು ಕೆಟಮಿನ್ ಎಂಬ ಔಷಧ. ಮೂಳೆ ಮುರಿದ ಮಗುವಿನ ಕೈಯನ್ನು ಸರಿಪಡಿಸುವಾಗ ಇದನ್ನು ಕೊಡುತ್ತೇವೆ. ಮಗು ಕಣ್ಣು ತೆರೆದೇ ಇರಬಹುದು, ಕಣ್ಣುಗುಡ್ಡೆ ಅತ್ತಿತ್ತ ಆಡಬಹುದು, ಬಾಯಲ್ಲಿ ಜೊಲ್ಲು ಹೆಚ್ಚಬಹುದು. ಆದರೆ ನೋವು ಅದಕ್ಕೆ ತಲುಪುತ್ತಿರುವುದಿಲ್ಲ. ಉಸಿರಾಟ ಸಾಮಾನ್ಯವಾಗಿ ಚೆನ್ನಾಗಿಯೇ ಉಳಿಯುತ್ತದೆ. ಬಾಗಿಲ ಸಂದಿಯಲ್ಲಿ ನೋಡಿದ ತಂದೆತಾಯಿ "ಮಗು ಎಚ್ಚರವಿದೆ, ಆದರೂ ಎಳೆಯುತ್ತಿದ್ದಾರೆ" ಎಂದು ಗಾಬರಿಯಾಗುವುದು ಸಹಜ. ಮೊದಲೇ ಹೇಳಿದ್ದರೆ ಆ ಗಾಬರಿ ಇರುವುದಿಲ್ಲ.

ಆಸ್ಪತ್ರೆಯ ಕಾಗದದಲ್ಲಿ ಎಂಎಸಿ ಅಥವಾ ಮಾನಿಟರ್ಡ್ ಅನಸ್ತೇಶಿಯಾ ಕೇರ್ ಎಂದು ಬರೆದಿದ್ದರೆ ಅದು ಆಳದ ಹೆಸರಲ್ಲ. ಅರಿವಳಿಕೆ ತಜ್ಞರೊಬ್ಬರು ನಿಮ್ಮನ್ನು ಕಾಯುತ್ತಾರೆ, ಅಗತ್ಯಕ್ಕೆ ತಕ್ಕಂತೆ ಮಂಪರು ಕೊಡುತ್ತಾರೆ ಎಂದಷ್ಟೇ ಅದರ ಅರ್ಥ.

ಒಂದೇ ಔಷಧ, ಬೇರೆ ಬೇರೆ ಆಳ

"ಅವನಿಗೆ ಕೊಟ್ಟ ಇಂಜೆಕ್ಷನ್ನನ್ನೇ ನನಗೂ ಕೊಡಿ" ಎನ್ನುವವರಿದ್ದಾರೆ. ಮೂವತ್ತರ ಯುವಕನನ್ನು ಮೊದಲ ಮೆಟ್ಟಿಲಿನಲ್ಲಿ ಇರಿಸುವ ಮಿಡಾಜೋಲಾಮ್ ಪ್ರಮಾಣವೇ ಎಂಬತ್ತರ ಅಜ್ಜಿಯನ್ನು ಮೂರನೆಯದಕ್ಕೆ ಇಳಿಸಬಲ್ಲದು. ದಿನವೂ ಮದ್ಯ ಕುಡಿಯುವವರಿಗೆ ಹೆಚ್ಚು ಬೇಕಾಗಬಹುದು; ಯಕೃತ್ತು ಕೆಟ್ಟಿದ್ದರೆ ಸ್ವಲ್ಪವೇ ಬಹಳವಾಗಬಹುದು. ಮಿಡಾಜೋಲಾಮ್ ಒಂದನ್ನೇ ಕೊಟ್ಟಾಗ ಸರಿಯಾಗಿ ಉಸಿರಾಡುವವರು, ಅದಕ್ಕೆ ಫೆಂಟನಿಲ್ ಸೇರಿದ ಕೂಡಲೇ ಉಸಿರು ಮರೆಯಬಹುದು. ಆದ್ದರಿಂದಲೇ ನಾವು ಸ್ವಲ್ಪ ಕೊಟ್ಟು, ಕಾದು, ನೋಡಿ, ಮತ್ತೆ ಸ್ವಲ್ಪ ಕೊಡುತ್ತೇವೆ. ಹೊರಗೆ ಕಾಯುವವರಿಗೆ ಅದು ವಿಳಂಬದಂತೆ ಕಾಣುತ್ತದೆ, ದಯವಿಟ್ಟು ಅವಸರಿಸಬೇಡಿ.

ನಾನು ಹೊಸಬರಿಗೆ ಕಲಿಸುವಾಗ ಒತ್ತಿ ಹೇಳುವ ಇನ್ನೊಂದು ಮಾತಿದೆ. ನೋವು ರೋಗಿಯನ್ನು ಮೇಲಿನ ಮೆಟ್ಟಿಲಿನಲ್ಲಿ ಹಿಡಿದಿಟ್ಟಿರುತ್ತದೆ. ಕೆಲಸ ಮುಗಿದು ಕ್ಯಾಮೆರಾ ಹೊರಬಂದ ಕೂಡಲೇ ಆ ನೋವು ನಿಲ್ಲುತ್ತದೆ, ಔಷಧ ಮಾತ್ರ ಇನ್ನೂ ರಕ್ತದಲ್ಲಿರುತ್ತದೆ. ಎಲ್ಲರೂ ಕೈತೊಳೆದು ನಿಟ್ಟುಸಿರು ಬಿಡುವ ಆ ಕೆಲವು ನಿಮಿಷಗಳಲ್ಲೇ ರೋಗಿ ಇನ್ನಷ್ಟು ಆಳಕ್ಕೆ ಜಾರುವುದು. ಸ್ಟ್ರೆಚರಿನ ಮೇಲೆ ಸಾಗಿಸುವಾಗಲೂ ರಕ್ತದ ಆಮ್ಲಜನಕ ತೋರಿಸುವ ಬೆರಳಿನ ಕ್ಲಿಪ್ ತೆಗೆಯಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮಕ್ಕಳ ತಂದೆತಾಯಂದಿರಿಗೆ ಒಂದು ಮಾತು. 1846ರ ಅಕ್ಟೋಬರ್ 16ರಂದು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ತೋರಿಸಿದ ಮೇಲೆ ಬಹುಕಾಲ ಅರಿವಳಿಕೆ ಎಂದರೆ ನಿಧಾನವಾಗಿ ಇಳಿಯುವ ಪಯಣವಾಗಿತ್ತು. ಆರ್ಥರ್ ಗುಡೆಲ್ ಎಂಬ ವೈದ್ಯ ಅದನ್ನು ನಾಲ್ಕು ಘಟ್ಟಗಳಾಗಿ ಗುರುತಿಸಿದ. ಎರಡನೆಯದು ಉದ್ರೇಕದ ಘಟ್ಟ. ರಕ್ತನಾಳಕ್ಕೆ ಔಷಧ ಕೊಡುವ ಇಂದಿನ ಕ್ರಮದಲ್ಲಿ ಆ ಘಟ್ಟ ಕ್ಷಣಗಳಲ್ಲಿ ದಾಟಿಹೋಗುತ್ತದೆ. ಆದರೆ ಸೂಜಿಗೆ ಹೆದರುವ ಮಗುವಿಗೆ ಮಾಸ್ಕ್ ಮೂಲಕ ಸೆವೊಫ್ಲುರೇನ್ ಎಂಬ ಅರಿವಳಿಕೆಯ ಅನಿಲ ಕೊಡುವಾಗ ಅದು ಇಂದಿಗೂ ಕಾಣುತ್ತದೆ: ಮಗು ಕೈಕಾಲು ಬಡಿಯುತ್ತದೆ, ಕಣ್ಣು ಮೇಲಕ್ಕೆ ಹೊರಳುತ್ತದೆ, ಉಸಿರು ಗೊರಗೊರ ಎನ್ನುತ್ತದೆ. ಆ ಹೊತ್ತಿಗೆ ಮಗುವಿಗೆ ಏನೂ ತಿಳಿಯುತ್ತಿರುವುದಿಲ್ಲ. ತಾಯಿಯನ್ನು ಒಳಗೆ ಬಿಟ್ಟಿದ್ದರೆ, ಅಷ್ಟರಲ್ಲಿ ಹೊರಗೆ ಹೋಗಿ ಎನ್ನುತ್ತೇವೆ. ಅದು ಆಕೆಯನ್ನು ಗದರಿದ್ದಲ್ಲ, ನಮ್ಮ ಎರಡೂ ಕೈ ಮತ್ತು ಪೂರ್ತಿ ಗಮನ ಮಗುವಿನ ಉಸಿರಿಗೆ ಬೇಕಾಗಿರುತ್ತದೆ.

ಕಾಯುವವರು ಯಾರು?

ಹಂತಗಳನ್ನು ತಿಳಿದುಕೊಂಡದ್ದು ಈ ಪ್ರಶ್ನೆಗಾಗಿ. ನಿಯಮ ಸರಳ: ಒಂದು ಮೆಟ್ಟಿಲಿನವರೆಗೆ ಇಳಿಸಲು ಹೊರಟವರಿಗೆ, ಅದರ ಕೆಳಗಿನ ಮೆಟ್ಟಿಲಿಗೆ ಜಾರಿದ ರೋಗಿಯನ್ನು ಮೇಲಕ್ಕೆ ತರಲು ಬರಬೇಕು. ಮಧ್ಯಮ ಮಂಪರು ಕೊಡುವವರಿಗೆ ಆಳ ಮಂಪರಿನ ರೋಗಿಯ ಗದ್ದ ಎತ್ತಿ ಉಸಿರು ಕೊಡಲು ಗೊತ್ತಿರಬೇಕು. ಆಳ ಮಂಪರು ಕೊಡುವವರಿಗೆ ಪೂರ್ಣ ಅರಿವಳಿಕೆಯನ್ನು ನಿಭಾಯಿಸಲು ಬರಬೇಕು.

2009ರ ಜೂನ್ 25ರಂದು ಮೈಕಲ್ ಜಾಕ್ಸನ್ ತೀರಿಕೊಂಡಾಗ ಪ್ರೊಪೊಫಾಲ್ ಹೆಸರು ಮನೆಮನೆಗೆ ತಲುಪಿತು. "ಅದೇ ವಿಷದ ಇಂಜೆಕ್ಷನ್ನಾ?" ಎಂದು ಈಗಲೂ ಕೇಳುವವರಿದ್ದಾರೆ. ಆ ಔಷಧವನ್ನು ನಾನು ದಿನವೂ ಬಳಸುತ್ತೇನೆ. ಅಲ್ಲಿ ಅದನ್ನು ಮನೆಯ ಮಲಗುವ ಕೋಣೆಯಲ್ಲಿ, ನಿದ್ದೆಗಾಗಿ, ಸರಿಯಾದ ಮಾನಿಟರ್ ಇಲ್ಲದೆ ಕೊಡಲಾಗಿತ್ತು. ಕೊಟ್ಟ ವೈದ್ಯ ಹೃದ್ರೋಗ ತಜ್ಞ, ರೋಗಿಯ ಪಕ್ಕ ಬಿಟ್ಟು ಹೋಗಿದ್ದ. 2011ರಲ್ಲಿ ನ್ಯಾಯಾಲಯ ಆತನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ಪ್ರೊಪೊಫಾಲ್‌ಗೆ ಮರುಮದ್ದು ಇಲ್ಲ. ಅದು ತಾನಾಗಿ ಇಳಿಯುವವರೆಗೆ ಯಾರಾದರೂ ಉಸಿರು ಕಾಯಲೇಬೇಕು. ಫೆಂಟನಿಲ್‌ಗೆ ನಲೋಕ್ಸೋನ್, ಮಿಡಾಜೋಲಾಮ್‌ಗೆ ಫ್ಲುಮಜೆನಿಲ್ ಇವೆ, ಆದರೆ ಮರುಮದ್ದಿನ ಪ್ರಭಾವ ಮೊದಲು ಇಳಿದು ರೋಗಿ ಮತ್ತೆ ಮಂಪರಿಗೆ ಜಾರಬಹುದು. ಮರುಮದ್ದು ಕೊಟ್ಟಿದ್ದರೆ ಬೇಗ ಮನೆಗೆ ಕಳುಹಿಸಿ ಎಂದು ಒತ್ತಾಯಿಸಬೇಡಿ.

ಉಸಿರು ಕಾಯುವ ಮಾತು ಬಂದಾಗ ನನಗೆ, ಕ್ಲೋರೊಫಾರ್ಮ್ ಎಂಬ ಹಳೆಯ ಅರಿವಳಿಕೆ ಔಷಧವನ್ನು ಪರೀಕ್ಷಿಸಿದ ಹೈದರಾಬಾದಿನ ಆಯೋಗಗಳು ನೆನಪಾಗುತ್ತವೆ. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲ. 1888 ಮತ್ತು 1889ರಲ್ಲಿ ನಿಜಾಮರ ಹಣದ ನೆರವಿನಿಂದ ಎಡ್ವರ್ಡ್ ಲಾರಿ ಎಂಬ ವೈದ್ಯ ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಕ್ಲೋರೊಫಾರ್ಮ್ ಮೊದಲು ನಿಲ್ಲಿಸುವುದು ಉಸಿರನ್ನು, ಹೃದಯವನ್ನಲ್ಲ, ಆದ್ದರಿಂದ ಉಸಿರನ್ನೇ ಕಾಯಿರಿ ಎಂದು ಸಾರಿದ. ಹೃದಯದ ವಿಷಯದಲ್ಲಿ ಅವನ ಮಾತು ನಿಲ್ಲಲಿಲ್ಲ. ಕ್ಲೋರೊಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಿ ಕೊಲ್ಲಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದ. ಹಾಗಾಗಿ ಇಂದು ನಾವು ಎರಡನ್ನೂ ಕಾಯುತ್ತೇವೆ. ಆದರೂ ಮಂಪರಿನ ಮಟ್ಟಿಗೆ ಮೊದಲು ಕೈಕೊಡುವುದು ಉಸಿರೇ.

ಅದನ್ನು ಹಿಡಿಯುವುದು ಹೇಗೆ? ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಬೆರಳಿನ ಆಕ್ಸಿಮೀಟರ್ ರಕ್ತದ ಆಮ್ಲಜನಕವನ್ನು ತೋರಿಸುತ್ತದೆ, ಉಸಿರನ್ನಲ್ಲ. ಮೂಗಿಗೆ ಆಮ್ಲಜನಕ ಕೊಟ್ಟಿರುವಾಗ ಉಸಿರು ನಿಂತ ಮೇಲೂ ಅದು ಸ್ವಲ್ಪ ಹೊತ್ತು 98, 99 ಎಂದೇ ತೋರಿಸುತ್ತಿರಬಹುದು. ಕ್ಯಾಪ್ನೊಗ್ರಾಫ್ ಎಂಬ ಯಂತ್ರ ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಲೆಯಾಗಿ ತೆರೆಯ ಮೇಲೆ ಬರೆಯುತ್ತದೆ. ಉಸಿರು ನಿಂತರೆ ಅಲೆ ಆಗಲೇ ನೇರ ಗೆರೆಯಾಗುತ್ತದೆ. ಮಧ್ಯಮ ಮಂಪರಿಗೂ ಅದಕ್ಕಿಂತ ಆಳಕ್ಕೂ ಇದು ಇರಲೇಬೇಕು ಎಂಬುದು ನನ್ನ ಖಚಿತ ನಿಲುವು.

ಹೀಗಾಗಿ, ಸಹಿ ಹಾಕುವ ಮೊದಲು ಕೇಳಿ. ನನಗೆ ಯಾವ ಹಂತದ ಮಂಪರು ಕೊಡುತ್ತೀರಿ? ಕೆಲಸ ಮಾಡುವವರನ್ನು ಬಿಟ್ಟು, ನನ್ನನ್ನು ಕಾಯಲೆಂದೇ ಬೇರೊಬ್ಬರು ಇರುತ್ತಾರೆಯೇ, ಅವರ ತರಬೇತಿ ಏನು? ಆಮ್ಲಜನಕ, ಬಾಯಿ ಗಂಟಲಿನ ದ್ರವ ಹೀರುವ ಸಕ್ಷನ್, ಉಸಿರು ಕೊಡುವ ಆಂಬು ಬ್ಯಾಗ್, ಕ್ಯಾಪ್ನೊಗ್ರಾಫ್ ಅದೇ ಕೋಣೆಯಲ್ಲಿವೆಯೇ? ಒಪ್ಪಿಗೆ ಪತ್ರದಲ್ಲಿ "ಅಗತ್ಯಬಿದ್ದರೆ ಪೂರ್ಣ ಅರಿವಳಿಕೆಗೆ ಬದಲಾಯಿಸಬಹುದು" ಎಂಬ ಸಾಲಿದ್ದರೆ, ಯಾವಾಗ ಬದಲಾಯಿಸುತ್ತೀರಿ, ಬದಲಾಯಿಸುವವರು ಯಾರು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಮಗುವಿನ ಹಲ್ಲು ಕೀಳುವವರೇ ಅದರ ಆಳ ಮಂಪರನ್ನೂ ನೋಡಿಕೊಳ್ಳುತ್ತೇನೆ ಎಂದರೆ ಎದ್ದು ಬನ್ನಿ. ಅಲ್ಲಿ ಉಳಿಯುವ ಹಣಕ್ಕಿಂತ ಮಗು ದೊಡ್ಡದು.

ಬಾಯಿ, ಕುತ್ತಿಗೆ, ಅಡಿಕೆ

ಹೊಟ್ಟೆಯ ಆಪರೇಷನ್‌ಗೆ ಬಂದವರಿಗೆ ನಾನು ಬಾಯಿ ತೆರೆದು ನಾಲಿಗೆ ಚಾಚಿ ಎನ್ನುತ್ತೇನೆ. ಅವರಿಗೆ ಅಚ್ಚರಿ. ಗಂಟಲಿನ ಹಿಂಭಾಗ ಎಷ್ಟು ಕಾಣುತ್ತದೆ ಎಂಬುದರಿಂದ ಕೊಳವೆ ಹಾಕುವುದು ಎಷ್ಟು ಕಷ್ಟವಾಗಬಹುದೆಂದು ಅಂದಾಜು ಮಾಡುತ್ತೇವೆ. ಆಂಧ್ರ ಮೂಲದ ಮಲ್ಲಂಪಾಟಿ ಎಂಬ ವೈದ್ಯರು ಬಾಸ್ಟನ್‌ನಲ್ಲಿದ್ದಾಗ 1985ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯನ್ನು ಇಂದು ಜಗತ್ತಿನ ಎಲ್ಲೆಡೆ ಅರಿವಳಿಕೆ ತಜ್ಞರು ಮಾಡುತ್ತಾರೆ. ಆಮೇಲೆ ಬಾಯೊಳಗೆ ಮೂರು ಬೆರಳು ಲಂಬವಾಗಿ ಹಿಡಿಯುತ್ತವೆಯೇ ಎಂದು ನೋಡುತ್ತೇನೆ.

ಇಲ್ಲಿಯೇ ನಮ್ಮ ಜಿಲ್ಲೆಯ ದೊಡ್ಡ ಸಂಕಟ ಎದುರಾಗುವುದು. ವರ್ಷಗಟ್ಟಲೆ ಅಡಿಕೆ ಅಗಿದವರ, ಗುಟ್ಕಾ ದವಡೆಗಿಟ್ಟವರ ಕೆನ್ನೆಯ ಒಳಪೊರೆ ನಾರುಗಟ್ಟಿ ಬಿಗಿಯಾಗುತ್ತದೆ. ಮೂರು ಬೆರಳು ಹಿಡಿಯಬೇಕಾದಲ್ಲಿ ಒಂದೂವರೆ ಬೆರಳಿಗೇ ಬಾಯಿ ನಿಲ್ಲುತ್ತದೆ. ಖಾರ ತಿಂದರೆ ಬಾಯಿ ಉರಿಯುವುದು, ಮುದ್ದೆಯ ತುತ್ತನ್ನು ಚಿಕ್ಕದು ಮಾಡಬೇಕಾಗುವುದು ಅದರ ಮುನ್ಸೂಚನೆ. ಹೀಗಿರುವವರಿಗೆ ಆಳ ಮಂಪರು ಕೊಟ್ಟು, ಉಸಿರಿನ ದಾರಿ ಮುಚ್ಚಿ, ಕೊಳವೆ ಹಾಕಲು ಬಾಯಿಯೇ ತೆರೆಯದಿದ್ದರೆ? ಮೊದಲೇ ಗೊತ್ತಿದ್ದರೆ ದಾರಿಗಳಿವೆ: ರೋಗಿ ಎಚ್ಚರವಿರುವಾಗಲೇ ಮೂಗಿನ ಮೂಲಕ ಕ್ಯಾಮೆರಾದ ನೆರವಿನಿಂದ ಕೊಳವೆ ಇಳಿಸಬಹುದು, ಅಥವಾ ಮಂಪರನ್ನೇ ಬಿಟ್ಟು ಆ ಭಾಗವನ್ನಷ್ಟೇ ಮರಗಟ್ಟಿಸಬಹುದು. ಆದ್ದರಿಂದ ಅಡಿಕೆ, ಗುಟ್ಕಾ ವಿಷಯವನ್ನು ಹೆಂಡತಿಯ ಮುಂದೆ ಹೇಳಲು ಸಂಕೋಚವಾದರೆ ನನ್ನೊಬ್ಬಳಿಗೇ ಹೇಳಿ. ಮುಚ್ಚಿಡಬೇಡಿ.

ಗೊರಕೆಯ ಬಗ್ಗೆ ಪಕ್ಕದಲ್ಲಿ ಮಲಗುವವರನ್ನೇ ಕೇಳುತ್ತೇನೆ. ಜೋರು ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತಿದ್ದರೆ, ಅಂಥವರ ಗಂಟಲು ಲಘು ಮಂಪರಿಗೇ ಮುಚ್ಚಿಕೊಳ್ಳಬಹುದು. ಅಲ್ಲಾಡುವ ಹಲ್ಲು, ತೆಗೆದಿಡುವ ಹಲ್ಲುಸೆಟ್, ಹಿಂದೆ ಅರಿವಳಿಕೆಯಲ್ಲಿ ಆದ ತೊಂದರೆ, ಮನೆತನದಲ್ಲಿ ಯಾರಿಗಾದರೂ ಆಪರೇಷನ್ ಟೇಬಲ್ ಮೇಲೆ ಏನಾದರೂ ಆಗಿದ್ದರೆ ಅದು, ಎಲ್ಲವೂ ನಮಗೆ ಬೇಕು. ಮಾತ್ರೆಗಳ ಹೆಸರು ನೆನಪಿಲ್ಲದಿದ್ದರೆ ಪಟ್ಟಿಗಳನ್ನೇ ಚೀಲದಲ್ಲಿ ತನ್ನಿ, ನಾಟಿ ಔಷಧ, ಚೂರ್ಣ, ಕಷಾಯ ಸೇರಿ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ತೂಕ ಇಳಿಸುವ ಹೊಸ ಇಂಜೆಕ್ಷನ್, ಇವುಗಳಲ್ಲಿ ಕೆಲವನ್ನು ದಿನಗಳ ಮೊದಲೇ ನಿಲ್ಲಿಸಬೇಕಾಗುತ್ತದೆ. ನೀವೇ ತೀರ್ಮಾನಿಸಬೇಡಿ, ಕೇಳಿ.

ಖಾಲಿ ಹೊಟ್ಟೆ

ಎರಡನೆಯ ಮೆಟ್ಟಿಲಿನಿಂದ ಕೆಳಗೆ ಇಳಿದಂತೆಲ್ಲ ಗಂಟಲಿನ ಕಾವಲು ಸಡಿಲವಾಗುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಅದಕ್ಕೇ ಉಪವಾಸ. ಕರಿದದ್ದು, ಮಾಂಸದೂಟ, ಪೂರಿ ತಿಂದಿದ್ದರೆ 8 ಗಂಟೆ. ಇಡ್ಲಿಯಂಥ ಲಘು ಆಹಾರ, ಹಸುವಿನ ಹಾಲು, ಮಗುವಿನ ಪುಡಿಹಾಲು 6 ಗಂಟೆ. ಎದೆಹಾಲು 4 ಗಂಟೆ. ನೀರು ಮತ್ತು ಹಾಲು ಹಾಕದ ಕಪ್ಪು ಕಾಫಿ, ಚಹಾ 2 ಗಂಟೆ.

"ಏನೂ ತಿಂದಿಲ್ಲ, ಒಂದು ಲೋಟ ಮಜ್ಜಿಗೆ ಕುಡಿದೆ ಅಷ್ಟೇ" ಎನ್ನುತ್ತಾರೆ. ಮಜ್ಜಿಗೆ, ಗಂಜಿ, ರಾಗಿ ಅಂಬಲಿ, ಹಾಲು ಹಾಕಿದ ಕಾಫಿ ಯಾವುದೂ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಎಲೆ ಅಡಿಕೆಯೂ ಬೇಡ. ತಿಂದಿದ್ದರೆ ನಿಜ ಹೇಳಿ, ಆಪರೇಷನ್ ಮುಂದಕ್ಕೆ ಹೋದರೆ ಹೋಗಲಿ.

ಇದರ ಇನ್ನೊಂದು ಬದಿಯೂ ನನ್ನನ್ನು ಕಾಡುತ್ತದೆ. ಮಧ್ಯಾಹ್ನದ ಸರದಿಗೆ ಹೆಸರಿರುವ ಅಜ್ಜ ಹಿಂದಿನ ರಾತ್ರಿಯಿಂದ ಹನಿ ನೀರೂ ಇಲ್ಲದೆ ತುಟಿ ಒಣಗಿಸಿಕೊಂಡು ಕುಳಿತಿರುತ್ತಾನೆ. ಇದರಿಂದ ಸುರಕ್ಷತೆ ಹೆಚ್ಚುವುದಿಲ್ಲ, ರಕ್ತದೊತ್ತಡ ಬೀಳುತ್ತದೆ ಅಷ್ಟೇ. ನಿಮ್ಮ ಸರದಿ ಎಷ್ಟು ಗಂಟೆಗೆ, ನೀರನ್ನು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಎಂದು ಗಡಿಯಾರದ ಲೆಕ್ಕದಲ್ಲಿ ಬರೆಸಿಕೊಳ್ಳಿ. ಉಗುರುಬಣ್ಣ ಅಳಿಸಿ ಬನ್ನಿ, ಆಕ್ಸಿಮೀಟರಿನ ಬೆಳಕು ಬೆರಳೊಳಗೆ ಸರಿಯಾಗಿ ಹಾಯಬೇಕು.

ಮನೆಗೆ ಹೋದ ಮೇಲೆ

ಎಚ್ಚರವಾಗಿ ಮಾತಾಡಿದ ಮಾತ್ರಕ್ಕೆ ಔಷಧ ದೇಹ ಬಿಟ್ಟಿದೆ ಎಂದಲ್ಲ. 24 ಗಂಟೆ ಗಾಡಿ ಓಡಿಸಬೇಡಿ. ಪಂಪ್‌ಸೆಟ್ ಹಾಕಲು ತೋಟಕ್ಕೆ ಇಳಿಯಬೇಡಿ, ಕಳೆ ಕತ್ತರಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರ ಮುಟ್ಟಬೇಡಿ. ಒಲೆಯ ಮುಂದೆ ಒಬ್ಬರೇ ನಿಲ್ಲಬೇಡಿ. ಜಮೀನಿನ ಕಾಗದಕ್ಕೆ ಸಹಿ, ಮೊಬೈಲಿನಲ್ಲಿ ದೊಡ್ಡ ಮೊತ್ತದ ಹಣ ಕಳುಹಿಸುವುದು ನಾಳೆಗಿರಲಿ. ಮದ್ಯ ಬೇಡವೇ ಬೇಡ. ಮಂಪರಿನ ಮೇಲೆ ಮದ್ಯ ಬಿದ್ದರೆ ಉಸಿರಿಗೆ ಮತ್ತೆ ಅಪಾಯ.

ಎಂಆರ್‌ಐಗೆಂದು ಬಾಯಿಗೆ ಮಂಪರಿನ ಸಿರಪ್ ಹಾಕಿಸಿಕೊಂಡ ಮಗುವಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಆ ಔಷಧ ಗಂಟೆಗಟ್ಟಲೆ ಇರುತ್ತದೆ. ಸ್ಕ್ಯಾನ್ ಮುಗಿದ ಕೂಡಲೇ ಮಗುವನ್ನು ಸ್ಕೂಟರಿನಲ್ಲಿ ತಂದೆತಾಯಿಯ ನಡುವೆ ಒರಗಿಸಿಕೊಂಡು ಹೊರಡುವುದನ್ನು ಕಂಡಾಗ ನಾನು ಓಡಿಹೋಗಿ ತಡೆಯುತ್ತೇನೆ. ಮಲಗಿದ ಮಗುವಿನ ತಲೆ ಎದೆಗೆ ಬಾಗಿದರೆ ಗಂಟಲು ಮಡಚಿ ಉಸಿರು ಸದ್ದಿಲ್ಲದೆ ಮುಚ್ಚಬಹುದು, ಮುಂದೆ ಕುಳಿತವರಿಗೆ ತಿಳಿಯುವುದೇ ಇಲ್ಲ. ಮಗು ಪೂರ್ತಿ ಎಚ್ಚರವಾಗಿ, ಹೆಸರು ಕರೆದರೆ ತಿರುಗಿ ನೋಡಿ, ನೀರು ಕುಡಿದು ಅರಗಿಸಿಕೊಳ್ಳುವವರೆಗೆ ಆಸ್ಪತ್ರೆಯಲ್ಲೇ ಇರಿ. ಆಟೊ ಅಥವಾ ಕಾರಿನಲ್ಲಿ ಹೋಗುವಾಗ ಒಬ್ಬರು ಓಡಿಸಲಿ, ಇನ್ನೊಬ್ಬರು ಮಗುವಿನ ಮುಖವನ್ನೇ ನೋಡುತ್ತಿರಲಿ, ಕುತ್ತಿಗೆ ಮುಂದಕ್ಕೆ ಬಾಗದಂತೆ ಹಿಡಿದುಕೊಳ್ಳಲಿ.

ಆ ರಾತ್ರಿ ದೊಡ್ಡವರ ಜೊತೆಗೂ ಯಾರಾದರೂ ಮಲಗಬೇಕು. ಒಂದು ಬಾರಿ ವಾಂತಿ, ಸ್ವಲ್ಪ ತಲೆಸುತ್ತು, ಗಂಟಲು ಕೆರೆತ ಇದ್ದರೆ ಹೆದರಬೇಕಿಲ್ಲ. ಕರೆದರೆ ಎಚ್ಚರವಾಗದಿದ್ದರೆ, ಉಸಿರಿನ ನಡುವೆ ಉದ್ದದ ಬಿಡುವು ಕಂಡರೆ, ತುಟಿ ನೀಲಿಯಾದರೆ, ವಾಂತಿ ನಿಲ್ಲದಿದ್ದರೆ ಬೆಳಗಿನವರೆಗೆ ಕಾಯಬೇಡಿ. ಒಂದು ಬದಿಗೆ ಹೊರಳಿಸಿ, ಗದ್ದ ಮೇಲಕ್ಕೆತ್ತಿ, 108ಕ್ಕೆ ಕರೆ ಮಾಡಿ, ಯಾವ ಔಷಧ ಯಾವಾಗ ಕೊಟ್ಟಿದ್ದರು ಎಂಬ ಚೀಟಿಯನ್ನು ಕೈಯಲ್ಲಿಟ್ಟುಕೊಳ್ಳಿ. ಆ ಚೀಟಿಯನ್ನು ಆಸ್ಪತ್ರೆ ಬಿಡುವ ಮೊದಲೇ ಕೇಳಿ ಪಡೆಯಬೇಕು.